ನೆರಳು ತೋರಿಸುವ ದೀಪ

ನವೆಂಬರ್ ಕೊನೆಯ ವಾರ, ಕಲಘಟಗಿ ರಸ್ತೆ. ಧಾರವಾಡ ಇನ್ನೂ ಎಂಟು ಕಿಲೋಮೀಟರ್ ಇತ್ತು. ಹಗಲೆಲ್ಲ ರಸ್ತೆಯ ಮೇಲೆ ಹರವಿದ್ದ ಗೋವಿನಜೋಳವನ್ನು ಸಂಜೆಗೆ ಗುಡ್ಡೆ ಮಾಡಿ ನೀಲಿ ತಾಡಪತ್ರಿ ಹೊದಿಸಿದ್ದರು. ಗುಡ್ಡೆ ನನಗೆ ದೂರದಿಂದಲೇ ಕಂಡಿತು, ಸೈಕಲ್ಲನ್ನು ಬಲಕ್ಕೆ ಹೊರಳಿಸಿದೆ. ಕಾಣದೇ ಹೋದದ್ದು ಕಲ್ಲು. ಹರವಿದ ಕಾಳಿನ ಮೇಲೆ ಗಾಡಿ ಹಾಯದಿರಲೆಂದು ಅಂಚಿನುದ್ದಕ್ಕೂ ಕಲ್ಲು ಜೋಡಿಸುವುದು ನಮ್ಮ ಕಡೆಯ ರೂಢಿ. ಕಾಳು ಗುಡ್ಡೆ ಸೇರಿದ್ದರೂ ಗಡಿಗಲ್ಲುಗಳು ಅಲ್ಲೇ ಉಳಿದಿದ್ದವು. ಮುಂದಿನ ಗಾಲಿ ಒಂದಕ್ಕೆ ಬಡಿಯಿತು, ನಾನು ತಾಡಪತ್ರಿಯ ಮೇಲೆ ಬಿದ್ದೆ. ಕಾಳಿನ ಗುಡ್ಡೆಯ ಮೇಲೆ ಬೀಳುವುದು ಅಂಥ ಕೆಟ್ಟ ಅನುಭವವೇನಲ್ಲ.

ಕಾವಲಿಗೆಂದು ಪಕ್ಕದಲ್ಲೇ ಮಲಗಿದ್ದ ಹಿರಿಯರು ಎದ್ದು ಬಂದರು. "ಲೈಟು ಇರಲಿಲ್ಲವೇನ್ರೀ?" ಎಂದರು.

"ಇತ್ತು ಕಾಕಾ," ಎಂದೆ. ಅದು ಆಗಲೂ ನನ್ನ ಹಣೆಯ ಮೇಲೆ ಉರಿಯುತ್ತ ಅವರ ಕಣ್ಣಿಗೆ ಬಡಿಯುತ್ತಿತ್ತು. ಅವರು ಅಂಗೈ ಅಡ್ಡ ಹಿಡಿದು ಮಾತಾಡುತ್ತಿದ್ದರು.

ಅದು ತಲೆಗೆ ಕಟ್ಟಿಕೊಳ್ಳುವ ಟಾರ್ಚು. ರಾತ್ರಿ ಪಾಳಿಯ ಕರೆಂಟು ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೋಗುವ ರೈತರ ಹಣೆಯ ಮೇಲೆ ಕಾಣುವಂಥದ್ದು. ಸಂತೆಯಲ್ಲಿ 250 ರೂಪಾಯಿಗೆ ಕೊಂಡಿದ್ದೆ. ಬೆಳಕು ಸಾಲಲಿಲ್ಲ ಎನ್ನುವಂತಿರಲಿಲ್ಲ. ಹಾಗಿದ್ದರೂ ಒಂದು ಗೇಣೆತ್ತರದ ಕಲ್ಲು ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ಮನೆಯವರೆಗೂ ಬಿಡಲಿಲ್ಲ.

ಮರುದಿನ ರಾತ್ರಿ ಮನೆಯ ಹಿಂದಿನ ಕತ್ತಲ ಓಣಿಯಲ್ಲಿ ಒಂದು ಇಟ್ಟಂಗಿಯನ್ನು ನಿಲ್ಲಿಸಿ ಹತ್ತು ಹೆಜ್ಜೆ ಹಿಂದೆ ಬಂದು ನೋಡಿದೆ. ಟಾರ್ಚು ಹಣೆಯ ಮೇಲಿದ್ದಾಗ ಇಟ್ಟಂಗಿ ನೆಲಕ್ಕೆ ಅಂಟಿಸಿದ ಕಾಗದದ ತುಂಡಿನಂತಿತ್ತು. ಅದೇ ಟಾರ್ಚನ್ನು ಬಿಚ್ಚಿ ಮೊಣಕಾಲಿನ ಮಟ್ಟಕ್ಕೆ ಹಿಡಿದೆ. ಇಟ್ಟಂಗಿ ಎದ್ದು ನಿಂತಿತು. ಅದರ ಹಿಂದೆ ಕಪ್ಪು ನೆರಳು ಮಾರುದ್ದ ಚಾಚಿತು, ನಡುವಿನ ಸಣ್ಣ ಹರಳುಗಳಿಗೂ ಒಂದೊಂದು ಬಾಲ ಮೂಡಿತು, ದಿನವೂ ಓಡಾಡುವ ಓಣಿಯಲ್ಲಿ ಇಷ್ಟೊಂದು ತಗ್ಗುಗಳಿವೆ ಎಂಬುದು ಆಗ ತಿಳಿಯಿತು.

ಲೆಕ್ಕ ಹಾಕಿದರೆ ಇದರಲ್ಲಿ ಮಾಯೆಯೇನೂ ಇಲ್ಲ. ಕಲ್ಲಿನ ಎತ್ತರ 15 ಸೆಂಟಿಮೀಟರ್, ಅದು ಇರುವುದು 10 ಮೀಟರ್ ಮುಂದೆ, ಸೈಕಲ್ ಮೇಲೆ ಕುಳಿತವನ ಕಣ್ಣು ನೆಲದಿಂದ 1.6 ಮೀಟರ್ ಮೇಲೆ ಎಂದಿಟ್ಟುಕೊಳ್ಳಿ. ಕಲ್ಲು ತನ್ನ ಹಿಂದಿನ ಸುಮಾರು ಒಂದು ಮೀಟರ್ ನೆಲವನ್ನು ಕಣ್ಣಿನಿಂದ ಮರೆಮಾಡುತ್ತದೆ. ಹಣೆಯ ಮೇಲಿನ ಟಾರ್ಚು ಕಣ್ಣಿಗಿಂತ ತುಸು ಮೇಲಿರುವುದರಿಂದ ಅದು ಮೂಡಿಸುವ ನೆರಳು ಒಂದು ಮೀಟರಿಗಿಂತ ತುಸು ಕಡಿಮೆ. ಅಂದರೆ ನೆರಳು ಪೂರ್ತಿಯಾಗಿ ಆ ಮರೆಯೊಳಗೇ ಅಡಗುತ್ತದೆ. ಕಪ್ಪು ಡಾಂಬರಿನ ಮೇಲೆ ಕರಿಕಲ್ಲು, ನೆರಳೂ ಇಲ್ಲ, ಇನ್ನು ಕಾಣುವುದೇನು? ದೀಪ ಹ್ಯಾಂಡಲಿನ ಮೇಲೆ, 1 ಮೀಟರ್ ಎತ್ತರದಲ್ಲಿದ್ದರೆ ನೆರಳಿನ ಮುಕ್ಕಾಲು ಮೀಟರಿನಷ್ಟು ಭಾಗ ಮರೆಯಿಂದ ಹೊರಗೆ ಬರುತ್ತದೆ. ಅರ್ಧ ಮೀಟರಿಗೆ ಇಳಿಸಿದರೆ ಮೂರು ಮೀಟರಿಗೂ ಮಿಕ್ಕ ನೆರಳು ಕಣ್ಣಿಗೆ ಬೀಳುತ್ತದೆ. ಹಾಗೆಂದು ತೀರ ಕೆಳಗಿಟ್ಟರೆ ಕಡಲೆಕಾಳಿನಷ್ಟು ಹರಳೂ ಬಂಡೆಯಂತೆ ಹೆದರಿಸುತ್ತದೆ. ಹ್ಯಾಂಡಲು ಅಥವಾ ಅದರ ಕೆಳಗಿನ ಫೋರ್ಕಿನ ನೆತ್ತಿ ಸರಿಯಾದ ಜಾಗ. ಹಳೆಯ ಸೈಕಲ್ಲುಗಳಲ್ಲಿ ಡೈನಮೊ ದೀಪವನ್ನು ಕೂರಿಸುತ್ತಿದ್ದದ್ದು ಹೆಚ್ಚುಕಡಿಮೆ ಅಲ್ಲಿಯೇ.

ದೀಪದ ಚಿಂತೆ ಚಳಿಗಾಲದಲ್ಲಿ ಹುಟ್ಟುವುದಕ್ಕೆ ಸೂರ್ಯನೇ ಕಾರಣ. ಜುಲೈ ಮೊದಲ ವಾರದಲ್ಲಿ ಹುಬ್ಬಳ್ಳಿಯಲ್ಲಿ ಹೊತ್ತು ಮುಳುಗುವುದು ಏಳು ದಾಟಿದ ಮೇಲೆ, ನವೆಂಬರ್ ಕೊನೆಗೆ ಆರಕ್ಕೂ ಮೊದಲೇ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗಾದರೂ, ಸಂಜೆ ಬೇಗನೆ ಕತ್ತಲಾಗುವುದು ಅದಕ್ಕೂ ಮೂರ್ನಾಲ್ಕು ವಾರ ಮುಂಚೆ. ಭೂಮಿಯ ಅಕ್ಷದ ವಾಲಿಕೆ ಮತ್ತು ಕಕ್ಷೆಯ ತುಸು ಅಂಡಾಕಾರ ಎರಡೂ ಸೇರಿ ನಡುಹಗಲಿನ ಹೊತ್ತನ್ನು ಗಡಿಯಾರದ ಮೇಲೆ ಹಿಂದೆ ಮುಂದೆ ಸರಿಸುತ್ತಿರುವುದೇ ಇದಕ್ಕೆ ಕಾರಣ. ಚಳಿಗೆ ಬ್ಯಾಟರಿ ಸೋಲುತ್ತದೆ ಎಂದು ಓದಿ ಹೆದರಬೇಕಿಲ್ಲ. ಅದು ಹಿಮ ಬೀಳುವ ದೇಶಗಳ ಗೋಳು. ಬೆಳಗಿನ ಜಾವ 13–14 ಡಿಗ್ರಿಗೆ ಇಳಿಯುವ ನಮ್ಮ ಚಳಿಯನ್ನು ಲೀಥಿಯಂ ಬ್ಯಾಟರಿ ಲೆಕ್ಕಕ್ಕೇ ಇಡುವುದಿಲ್ಲ.

ಇಷ್ಟು ತಿಳಿದುಕೊಂಡು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಒಂದು ದೀಪ ತೆಗೆದು ಎದುರಿನ ಗೋಡೆಗೆ ಹಿಡಿದರು. ಗೋಡೆ ಸುಣ್ಣ ಬಳಿದಂತೆ ಬೆಳಗಿತು. "ಸಾವಿರ ಲ್ಯೂಮೆನ್ ಸರ್," ಎಂದರು. ಡಬ್ಬಿಯ ಮೇಲೂ ಹಾಗೆಯೇ ಬರೆದಿತ್ತು.

ಲ್ಯೂಮೆನ್ ಎಂದರೆ ದೀಪದಿಂದ ಎಲ್ಲ ದಿಕ್ಕಿಗೂ ಹೊರಟ ಬೆಳಕಿನ ಒಟ್ಟು ಮೊತ್ತ. ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಬಿತ್ತು ಎಂಬುದು ಲಕ್ಸ್. ನವಿಲುತೀರ್ಥದ ಅಣೆಕಟ್ಟೆಯಿಂದ ಬಿಟ್ಟ ನೀರು ಲ್ಯೂಮೆನ್, ನವಲಗುಂದದ ಕಡೆ ಕಾಲುವೆಯ ತುದಿಯ ಹೊಲಕ್ಕೆ ಮುಟ್ಟಿದ್ದು ಲಕ್ಸ್. ರೈತ ಯಾವುದನ್ನು ಕೇಳುತ್ತಾನೆ ಎಂಬುದನ್ನು ನಾನು ಹೇಳಬೇಕಿಲ್ಲ. 300 ಲ್ಯೂಮೆನ್ನಿನ ದೀಪ ತನ್ನ ಬೆಳಕನ್ನು 40 ಡಿಗ್ರಿಯ ಶಂಕುವಿನಾಕಾರದಲ್ಲಿ ಚೆಲ್ಲಿದರೆ 10 ಮೀಟರ್ ದೂರದ ಗೋಡೆಗೆ ಸಿಗುವುದು ಸುಮಾರು 8 ಲಕ್ಸ್. ಅದನ್ನೇ 20 ಡಿಗ್ರಿಗೆ ಬಿಗಿಹಿಡಿದರೆ 30 ದಾಟುತ್ತದೆ. ಡಬ್ಬಿಯ ಮೇಲಿನ ಅಂಕಿ ಎರಡಕ್ಕೂ ಒಂದೇ.

ಗೋಡೆಯ ಪರೀಕ್ಷೆಯಲ್ಲಿ ಇನ್ನೂ ಒಂದು ಮೋಸವಿದೆ, ಇದು ಅಂಗಡಿಯವರದಲ್ಲ, ರೇಖಾಗಣಿತದ್ದು. ಗೋಡೆಗೆ ಬೆಳಕು ನೇರವಾಗಿ ಬಡಿಯುತ್ತದೆ. ರಸ್ತೆಗೆ ಅದು ಸವರಿಕೊಂಡು ಹೋಗುತ್ತದೆ. 90 ಸೆಂಟಿಮೀಟರ್ ಎತ್ತರದ ದೀಪದಿಂದ 10 ಮೀಟರ್ ಮುಂದಿನ ನೆಲಕ್ಕೆ ಸಿಗುವುದು ಅಷ್ಟೇ ದೂರದ ಗೋಡೆಗೆ ಸಿಗುವುದರ ಹನ್ನೊಂದರಲ್ಲಿ ಒಂದು ಪಾಲು. ಮೇಲೆ ಹೇಳಿದ 8 ಲಕ್ಸ್ ನೆಲದ ಮೇಲೆ ಒಂದಕ್ಕೂ ಕೆಳಗಿಳಿಯಿತು. ಹುಣ್ಣಿಮೆಯ ಚಂದ್ರ ನೆತ್ತಿಯ ಮೇಲಿದ್ದಾಗ ಕೊಡುವುದು ಹೆಚ್ಚೆಂದರೆ 0.3 ಲಕ್ಸ್. ಆದ್ದರಿಂದ ಇದು ತೀರ ಕನಿಷ್ಠವೇನಲ್ಲ, ಆದರೆ ಗೋಡೆ ನೋಡಿ ಮರುಳಾದವನಿಗೆ ನಿರಾಸೆ ಖಚಿತ.

ದೂರ ಹೋದಷ್ಟೂ ಪೆಟ್ಟು ಹೆಚ್ಚು. ಎಲ್ಲ ಕಡೆಗೂ ಒಂದೇ ಸಮನೆ ಚೆಲ್ಲುವ ದೀಪವಾದರೆ 15 ಮೀಟರಿನಾಚೆಯ ನೆಲಕ್ಕೆ ಸಿಗುವುದು 5 ಮೀಟರಿನ ನೆಲಕ್ಕೆ ಸಿಕ್ಕಿದ್ದರ ಇಪ್ಪತ್ತೇಳರಲ್ಲಿ ಒಂದು ಪಾಲು ಮಾತ್ರ. ಗಾಲಿಯ ಮುಂದೆ ಹಾಲು ಚೆಲ್ಲಿದಂಥ ಬೆಳಕು, ಅದರಾಚೆ ಬಾವಿಯಂಥ ಕತ್ತಲು. ಕಣ್ಣು ಹತ್ತಿರದ ಹೊಳಪಿಗೆ ಹೊಂದಿಕೊಂಡುಬಿಡುವುದರಿಂದ ಆಚೆಗಿನದು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಒಳ್ಳೆಯ ಸೈಕಲ್ ದೀಪ ಬೆಳಕಿನ ಹೆಚ್ಚಿನ ಪಾಲನ್ನು ದೂರಕ್ಕೆ ಎಸೆದು ಹತ್ತಿರಕ್ಕೆ ಜಿಪುಣತನ ತೋರಿಸುತ್ತದೆ. ಮೇಲಂಚನ್ನು ಚಾಕುವಿನಿಂದ ಕೊಯ್ದಂತೆ ಕತ್ತರಿಸಿ, ಎದುರು ಬರುವವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತದೆ. ಜರ್ಮನಿಯಲ್ಲಿ ಸೈಕಲ್ ದೀಪಕ್ಕೆ ಇದು ಕಾನೂನು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲದಿದ್ದರೂ ಅಗ್ಗದ ದೀಪಗಳಲ್ಲೂ ಈ ಬಗೆಯವು ಸಿಗುತ್ತವೆ. ಗಾಜಿನ ಮೇಲೆ ಅಡ್ಡಗೆರೆಗಳಿದ್ದು, ಗೋಡೆಗೆ ಹಿಡಿದಾಗ ದುಂಡು ಮಚ್ಚೆಯ ಬದಲು ಮೇಲೆ ಸಪಾಟಾದ ಪಟ್ಟಿ ಬಿದ್ದರೆ ಅದನ್ನು ಕೊಳ್ಳಿ. ಗೋಡೆ ಈ ಒಂದು ಕೆಲಸಕ್ಕೆ ಮಾತ್ರ ನಂಬಿಕಸ್ಥ.

ಎಷ್ಟು ದೂರ ಕಾಣಬೇಕು? ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5.6 ಮೀಟರ್. ಕಂಡದ್ದು ತಲೆಗೆ ಹೊಳೆದು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡಾದರೆ ಅಷ್ಟರಲ್ಲೇ 8 ಮೀಟರ್ ಮುಗಿಯಿತು. ಸಾಧಾರಣ ಬ್ರೇಕು ನಿಲ್ಲಿಸಲು ಇನ್ನೊಂದು 5 ಮೀಟರ್ ಬೇಕು. 15 ಮೀಟರ್ ಕಾಣುತ್ತಿದ್ದರೆ ಸಾಕು. ನುಗ್ಗಿಕೇರಿಯ ಇಳಿಜಾರಿನಲ್ಲಿ 30ರ ವೇಗಕ್ಕೆ ಬಿಟ್ಟರೆ 24 ಮೀಟರ್ ಬೇಕಾಗುತ್ತದೆ. ಅಲ್ಲಿ ದೀಪ ಬದಲಿಸುವುದಕ್ಕಿಂತ ಬ್ರೇಕ್ ಹಿಡಿಯುವುದು ಅಗ್ಗ. ದೀಪವನ್ನು ಬಾಗಿಸುವ ಲೆಕ್ಕ ಸುಲಭ. ದೀಪ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 5 ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ನಡುಭಾಗ 60 ಸೆಂಟಿಮೀಟರಿಗೆ ಬೀಳುವಂತೆ ತಗ್ಗಿಸಿ. ಅದು ಸರಿಯಾಗಿ 15 ಮೀಟರ್ ಮುಂದೆ ನೆಲ ಮುಟ್ಟುತ್ತದೆ.

ಇನ್ನು ಆ ಸಾವಿರ ಲ್ಯೂಮೆನ್ನಿನ ಡಬ್ಬಿ. ಒಳಗಿನ ಬ್ಯಾಟರಿ 1200 ಮಿಲಿಆಂಪ್-ಗಂಟೆ, 3.7 ವೋಲ್ಟ್, ಒಮ್ಮೆ ಚಾರ್ಜ್ ಮಾಡಿದರೆ ಆರು ಗಂಟೆ ಎಂದು ಪಕ್ಕದಲ್ಲೇ ಬರೆದಿತ್ತು. ಸುಳ್ಳನ್ನು ಹಿಡಿಯಲು ಬೇಕಾದ ಸಾಕ್ಷ್ಯವನ್ನೂ ಅವರೇ ಅಚ್ಚು ಹಾಕಿಸಿದ್ದರು. 1200 ಮಿಲಿಆಂಪ್ ಎಂದರೆ 1.2 ಆಂಪ್, ಆ 1.2ನ್ನು 3.7ರಿಂದ ಗುಣಿಸಿದರೆ ಸುಮಾರು 4.4 ವ್ಯಾಟ್-ಗಂಟೆ. ಅಗ್ಗದ ಎಲ್‌ಇಡಿ ದೀಪ ಒಂದು ವ್ಯಾಟಿಗೆ 100 ಲ್ಯೂಮೆನ್ ಕೊಟ್ಟರೆ ಅದೇ ದೊಡ್ಡದು. ಹಾಗಾಗಿ ಈ ಬ್ಯಾಟರಿಯ ಗಂಟು 440 ಲ್ಯೂಮೆನ್-ಗಂಟೆ. ಅದನ್ನು 440 ಲ್ಯೂಮೆನ್ನಿನಂತೆ ಒಂದು ಗಂಟೆಯಲ್ಲಿ ಉಡಾಯಿಸಬಹುದು, 110ರಂತೆ ನಾಲ್ಕು ಗಂಟೆ ಎಳೆಯಬಹುದು. ಸಾವಿರದಂತೆ ಆರು ಗಂಟೆ ಬೇಕಾದರೆ 6000 ಬೇಕು, ಗಂಟಿನಲ್ಲಿರುವುದರ ಹದಿಮೂರು ಪಟ್ಟಿಗೂ ಹೆಚ್ಚು. ಈ ಗುಣಾಕಾರವನ್ನು ಮೊಬೈಲಿನಲ್ಲಿ ಮಾಡಿ ತೋರಿಸಿದಾಗ ಅಂಗಡಿಯವರು ನಕ್ಕು ಕೆಳಗಿನ ಕಪಾಟಿನಿಂದ ಬೇರೊಂದು ದೀಪ ತೆಗೆದರು. 300 ಲ್ಯೂಮೆನ್, 2000 ಮಿಲಿಆಂಪ್-ಗಂಟೆ, ಎರಡು ಗಂಟೆ. ಲೆಕ್ಕ ಕೂಡಿಬಂತು. 650 ರೂಪಾಯಿ ಕೊಟ್ಟೆ.

ಬಿಡಿ ಬ್ಯಾಟರಿ ಹಾಕುವ ದೀಪ ಕೊಳ್ಳುವವರಿಗೆ ಒಂದು ಮಾತು. 18650 ಎಂಬುದು ಗಾತ್ರದ ಹೆಸರು, 18 ಮಿಲಿಮೀಟರ್ ದಪ್ಪ, 65 ಉದ್ದ. ಆ ಗಾತ್ರದೊಳಗೆ ಮಾರುಕಟ್ಟೆಯ ಒಳ್ಳೆಯ ಕಂಪನಿಗಳು ತುಂಬಿರುವುದು ಸುಮಾರು 3500 ಮಿಲಿಆಂಪ್-ಗಂಟೆಯವರೆಗೆ. ಮೇಲೆ 9900 ಎಂದು ಬರೆದಿದ್ದರೆ ಮುಟ್ಟಬೇಡಿ. ತೂಗಿ ನೋಡಿದರೆ ಅಸಲಿ ಬ್ಯಾಟರಿ 45–50 ಗ್ರಾಂ ಬರುತ್ತದೆ.

ನಮ್ಮ ತಂದೆಯವರ ಸೈಕಲ್ಲಿಗೆ ಬಾಟಲಿಯಾಕಾರದ ಡೈನಮೊ ಇತ್ತು. ಟೈರಿಗೆ ಉಜ್ಜಿಕೊಂಡು ಗುಂಯ್‌ಗುಡುತ್ತಿದ್ದ ಅದು ಕೊಡುತ್ತಿದ್ದದ್ದು 6 ವೋಲ್ಟ್, 3 ವ್ಯಾಟ್. ಕಾದು ಕೆಂಪಾಗುವ ತಂತಿಯ ಬಲ್ಬು ಅದರಲ್ಲಿ ಮೂವತ್ತರ ಆಸುಪಾಸಿನ ಲ್ಯೂಮೆನ್ ಹೊರಡಿಸಿದರೆ ಹೆಚ್ಚು. ಅದೇ 3 ವ್ಯಾಟಿಗೆ ಈಗಿನ ಎಲ್‌ಇಡಿ ಹತ್ತು ಪಟ್ಟು ಕೊಡುತ್ತದೆ. ಇದರ ಹಿಂದಿರುವುದು ನೀಲಿ ಎಲ್‌ಇಡಿ. ನೀಲಿ ಬೆಳಕಿನ ಒಂದಿಷ್ಟು ಪಾಲನ್ನು ಫಾಸ್ಫರ್ ಎಂಬ ಹಳದಿ ಪುಡಿಯ ಲೇಪ ಹೀರಿ ಹಳದಿಯಾಗಿ ಹೊರಗೆ ಬಿಡುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ. ನೀಲಿ ಎಲ್‌ಇಡಿ ಮಾಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಿಕ್ಕಿತು. ಸಂತೆಯ 250 ರೂಪಾಯಿಯ ಟಾರ್ಚಿನಲ್ಲಿ ಒಂದು ನೊಬೆಲ್ ಅಡಗಿದೆ ಎಂದರೆ ಮಾರುವವರೇ ನಂಬಲಿಕ್ಕಿಲ್ಲ.

ಮುಂದಿನ ದೀಪಕ್ಕೆ ಇಷ್ಟೆಲ್ಲ ಲೆಕ್ಕ ಹಾಕಿದವರು ಹಿಂದಿನದನ್ನು ಮರೆಯುವುದುಂಟು. ಹಳಿಯಾಳ ರಸ್ತೆಯಲ್ಲಿ ಕಬ್ಬು ಹೊತ್ತ ಟ್ರ್ಯಾಕ್ಟರಿನ ಹಿಂದೆ ರಾತ್ರಿ ಹೋದವರಿಗೆ ಗೊತ್ತು, ಜೋತುಬಿದ್ದ ಕಬ್ಬು ಕೆಂಪು ದೀಪವನ್ನೆಲ್ಲ ಮುಚ್ಚಿಬಿಟ್ಟಿರುತ್ತದೆ. ಅದನ್ನು ಬೈಯುವ ನಾವೂ ಹಿಂದೆ ದೀಪವಿಲ್ಲದೆ ಬಸ್ಸಿಗೆಂದೇ ಬೇರೆ ಪಥವಿರುವ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ರಸ್ತೆಯ ಅಂಚಿನಲ್ಲಿ ತುಳಿಯುತ್ತಿರುತ್ತೇವೆ. 150 ರೂಪಾಯಿಯ ಕೆಂಪು ದೀಪ ಸಾಕು, ಇಲ್ಲಿ ಲ್ಯೂಮೆನ್ನಿನ ಹಟ ಬೇಡ. ಮಿನುಗಿಸುವುದಕ್ಕಿಂತ ಒಂದೇ ಸಮನೆ ಉರಿಸುವುದು ನನಗೆ ಇಷ್ಟ. ಮಿನುಗು ಕಣ್ಣನ್ನು ಬೇಗ ಸೆಳೆಯುತ್ತದೆ ನಿಜ, ಆದರೆ ಸೈಕಲ್ ಎಷ್ಟು ದೂರದಲ್ಲಿದೆ ಎಂಬ ಅಂದಾಜನ್ನು ಕೆಡಿಸುತ್ತದೆ.

ಬ್ಯಾಟರಿಯೇ ಬೇಡದ ವಸ್ತು ರಿಫ್ಲೆಕ್ಟರು. ಅದರ ಕೆಂಪು ಪ್ಲಾಸ್ಟಿಕ್ಕನ್ನು ಹತ್ತಿರದಿಂದ ನೋಡಿದರೆ ಕೋಣೆಯ ಮೂಲೆಯಂಥ ಪುಟ್ಟ ಮೂಲೆಗಳ ಸಾಲು ಕಾಣುತ್ತದೆ. ಒಂದಕ್ಕೊಂದು ಲಂಬವಾದ ಮೂರು ಮೈಗಳಿಗೆ ತಾಕಿದ ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ತಿರುಗಿ ಹೋಗುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಇಂಥದೇ ನೂರು ಮೂಲೆಗಳ ಹಲಗೆಯನ್ನು ಚಂದ್ರನ ಮೇಲಿಟ್ಟು ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಅದಕ್ಕೆ ಬಡಿದು ಬಂದ ಮೇಲೆಯೇ ಚಂದ್ರನ ದೂರ ಸೆಂಟಿಮೀಟರುಗಳ ಲೆಕ್ಕದಲ್ಲಿ ತಿಳಿದದ್ದು. ಪೆಡಲಿಗೆ ಅಂಟಿಸಿದ ರಿಫ್ಲೆಕ್ಟರು ಇನ್ನೂ ಮೇಲು. ಕತ್ತಲಲ್ಲಿ ಕೀಲುಗಳಿಗೆ ಮಾತ್ರ ಚುಕ್ಕಿ ದೀಪ ಕಟ್ಟಿಕೊಂಡು ನಡೆದವರನ್ನು ನೋಡುಗರು ತಕ್ಷಣ ಮನುಷ್ಯರೆಂದು ಗುರುತಿಸಿದರು ಎಂದು ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ತೋರಿಸಿದ್ದರು. ಮೇಲೆ ಕೆಳಗೆ ಆಡುವ ಎರಡು ಚುಕ್ಕಿಗಳು ಹಿಂದಿನ ಲಾರಿಯವನಿಗೆ ಹೇಳುವುದೂ ಅದನ್ನೇ.

ಡಿಸೆಂಬರ್ ಎರಡನೆಯ ವಾರ ಮತ್ತೆ ಅದೇ ರಸ್ತೆಯಲ್ಲಿ ಬಂದೆ. ಕಲ್ಲುಗಳು ಉದ್ದ ನೆರಳು ಚಾಚಿಕೊಂಡು ದೂರದಿಂದಲೇ ಕಂಡವು. ಇಳಿದು, ಉಳಿದಿದ್ದ ರಿಫ್ಲೆಕ್ಟರ್ ಟೇಪಿನ ಸುರುಳಿಯನ್ನು ಕಾಕಾ ಅವರಿಗೆ ಕೊಟ್ಟೆ. ಕಲ್ಲಿನ ಧೂಳಿಗೆ ಅದು ಹಿಡಿಯಲಿಲ್ಲ. ಅವರು ಒಳಗಿನಿಂದ ಎಣ್ಣೆಯ ಖಾಲಿ ಡಬ್ಬಿ ತಂದು ಅದರ ಸುತ್ತ ಟೇಪು ಸುತ್ತಿ ಕೊನೆಯ ಕಲ್ಲಿನ ಮೇಲಿಟ್ಟರು. ನಾನು ಐವತ್ತು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಹ್ಯಾಂಡಲಿನ ದೀಪಕ್ಕೆ ಹೊಳೆಯಿತು. ಅನುಮಾನ ಬಂದು ಚೀಲದಿಂದ ಹಣೆಯ ಟಾರ್ಚು ತೆಗೆದು ಹಾಕಿಕೊಂಡೆ. ಡಬ್ಬಿ ಕೆಂಡದಂತೆ ಭಗ್ಗೆಂದಿತು. ಬಂದಲ್ಲಿಗೇ ಮರಳುವ ಬೆಳಕಿಗೆ ಕಣ್ಣಿನ ಪಕ್ಕದಲ್ಲಿರುವ ದೀಪವೇ ಸರಿ. ಕಲ್ಲನ್ನು ಮರೆಮಾಡಿದ ದೋಷ ಇಲ್ಲಿ ಗುಣವಾಗಿತ್ತು.

"ಗಾಳಿಗೆ ಉರುಳುತ್ತದೆ ಕಾಕಾ," ಎಂದೆ. ಅವರು ತಾಡಪತ್ರಿಯ ಮೂಲೆ ಎತ್ತಿ, ಡಬ್ಬಿಯೊಳಕ್ಕೆ ನಾಲ್ಕು ಬೊಗಸೆ ಗೋವಿನಜೋಳ ಸುರಿದರು.