ಮೂಗು ತೆರೆದು ಕಾರು ನುಂಗುತ್ತಿದ್ದ ವಿಮಾನಗಳು

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಕಾರು ಒಯ್ಯುವುದು ತಾಳ್ಮೆಯ ಪರೀಕ್ಷೆಯಾಗಿತ್ತು. ಡೋವರ್ ಬಂದರಿನಲ್ಲಿ ಕ್ರೇನು ಕಾರನ್ನು ಎತ್ತಿ ಹಡಗಿನೊಳಕ್ಕೆ ಇಳಿಸುತ್ತಿತ್ತು. 1948ರ ಜುಲೈನಲ್ಲಿ ಸಿಲ್ವರ್ ಸಿಟಿ ಏರ್‌ವೇಸ್ ಬೇರೊಂದು ದಾರಿ ತೆರೆಯಿತು. ಕೆಂಟ್‌ನ ಲಿಮ್ ಎಂಬಲ್ಲಿ ವಿಮಾನವೇರಿದ ಕಾರು ಸುಮಾರು 20 ನಿಮಿಷದಲ್ಲಿ ಕಡಲಾಚೆಯ ಲ ತೂಕೆಯಲ್ಲಿ ಇಳಿಯುತ್ತಿತ್ತು, ಮಾಲೀಕರೂ ಅದೇ ವಿಮಾನದಲ್ಲಿ.

ಆ ವಿಮಾನ ಬ್ರಿಸ್ಟಲ್ 170 ಫ್ರೈಟರ್. ಡೊಳ್ಳುಹೊಟ್ಟೆ, ಮೊಂಡು ಮೂಗು, ಒಳಕ್ಕೆ ಮಡಚಿಕೊಳ್ಳದ ಚಕ್ರಗಳು. ಚೆಲುವಿಲ್ಲದ ಯಂತ್ರವೆಂದು ಅದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಪ್ರತಿಯೊಂದು ಒಡ್ಡುತನದ ಹಿಂದೆಯೂ ಒಂದು ಸರಿಯಾದ ಲೆಕ್ಕವಿದೆ.

ಚಕ್ರಗಳನ್ನೇ ನೋಡಿ. ಹೊರಗೆ ಚಾಚಿದ ಚಕ್ರ ಗಾಳಿಯನ್ನು ತಡೆದು ವೇಗ ತಗ್ಗಿಸುತ್ತದೆ, ನಿಜ. ಆದರೆ ಇದ್ದ ದೂರ ಸುಮಾರು 75 ಕಿಲೋಮೀಟರ್, ವೇಗ ಗಂಟೆಗೆ ಸುಮಾರು 260. ಚಕ್ರ ಮಡಚಿ ಇನ್ನೂ 30 ಕಿಲೋಮೀಟರ್ ವೇಗ ಗಳಿಸಿದರೂ ಉಳಿಯುವುದು ಎರಡು ನಿಮಿಷಕ್ಕಿಂತ ಕಡಿಮೆ. ಅಷ್ಟಕ್ಕಾಗಿ ದ್ರವದ ಒತ್ತಡದಿಂದ ಚಕ್ರ ಮಡಚುವ ಭಾರದ ಹೈಡ್ರಾಲಿಕ್ ವ್ಯವಸ್ಥೆ ಹೊತ್ತು, ದಿನಕ್ಕೆ ಹಲವು ಬಾರಿ ಅದನ್ನು ದುಡಿಸಿ, ದುರಸ್ತಿ ಮಾಡುತ್ತ ಕೂರುವುದೇಕೆ? ಹಾರಾಟಕ್ಕಿಂತ ಇಳಿದು, ಕಾರು ಬದಲಿಸಿ, ಮತ್ತೆ ಏರುವ ಹೊತ್ತೇ ಇಲ್ಲಿ ಮುಖ್ಯ. ಅದಕ್ಕೆಂದೇ ಮೂಗು ಎರಡು ಬಾಗಿಲಾಗಿ ತೆರೆದುಕೊಳ್ಳುತ್ತಿತ್ತು. ಪೈಲಟ್ ಮೇಲಂತಸ್ತಿನಲ್ಲಿ ಕೂರುತ್ತಿದ್ದ. ಇಳಿಜಾರು ಹಲಗೆಯ ಮೇಲೆ ಕಾರನ್ನು ನೇರ ಒಳಕ್ಕೆ ಓಡಿಸಬಹುದಿತ್ತು. ನಂತರ ಬಂದ ಸೂಪರ್‌ಫ್ರೈಟರ್‌ಗೆ ಮೂಗನ್ನು ಉದ್ದ ಮಾಡಿ ಮೂರು ಕಾರುಗಳಿಗೆ ಜಾಗ ಕಲ್ಪಿಸಿದರು. ಲಿಮ್‌ನ ಹುಲ್ಲಿನ ನೆಲ ಮಳೆಗೆ ಕೆಸರಾಗುತ್ತಿದ್ದುದರಿಂದ 1954ರಲ್ಲಿ ಕಂಪನಿ ಲಿಡ್‌ನಲ್ಲಿ ತನ್ನದೇ ನಿಲ್ದಾಣ ಕಟ್ಟಿಕೊಂಡಿತು.

ಬ್ರಿಟಿಷ್ ವಿಮಾನೋದ್ಯಮಿ ಫ್ರೆಡ್ಡಿ ಲೇಕರ್ ಅವರ ಏವಿಯೇಷನ್ ಟ್ರೇಡರ್ಸ್ ಕಂಪನಿಯದು ಇನ್ನೊಂದು ಜಾಣತನ. ಹೊಸ ವಿಮಾನ ಕಟ್ಟುವ ಬದಲು ಹಳೆಯ ಡಗ್ಲಸ್ ಡಿಸಿ-4ರ ಮುಂಭಾಗ ಕತ್ತರಿಸಿ, ಪೈಲಟ್ ಕೋಣೆಯನ್ನು ಎರಡು ಮೀಟರಿನಷ್ಟು ಮೇಲಕ್ಕೇರಿಸಿ, ಐದು ಕಾರು ಹಿಡಿಸುವ ಕಾರ್‌ವೇರ್ ಮಾಡಿದರು. 1961ರ ಜೂನ್‌ನಲ್ಲಿ ಅದು ಮೊದಲು ಹಾರಿತು. ಮುಂಭಾಗ ಉಬ್ಬಿದಾಗ ಪಕ್ಕದ ಗಾಳಿ ಅದನ್ನು ದಾರಿ ತಪ್ಪಿಸಿ ತಿರುಗಿಸಲು ನೋಡುತ್ತದೆ. ಅದನ್ನು ಸರಿದೂಗಿಸಲು ಬಾಲದ ರೆಕ್ಕೆಯನ್ನೂ ಎತ್ತರಿಸಬೇಕಾಯಿತು. ಒಟ್ಟು 21 ವಿಮಾನಗಳನ್ನು ಹೀಗೆ ಮಾರ್ಪಡಿಸಿದರು.

ಅಷ್ಟರಲ್ಲಿ ಹಡಗುಗಳೂ ಬದಲಾಗಿದ್ದವು. 1953ರಲ್ಲೇ ಡೋವರ್‌ನಲ್ಲಿ ಕಾರುಗಳು ನೇರವಾಗಿ ಹಡಗೇರುವ ಕಟ್ಟೆಗಳು ಬಂದವು. 1968ರಲ್ಲಿ ಕಾರು ಹೊರುವ ದೊಡ್ಡ ಹೋವರ್‌ಕ್ರಾಫ್ಟ್, ಅಂದರೆ ಗಾಳಿಯ ಮೆತ್ತೆಯ ಮೇಲೆ ತೇಲುತ್ತ ಸಾಗುವ ವಾಹನ, ಬಂತು. ಒಮ್ಮೆಗೆ ಮೂರೋ ಐದೋ ಕಾರು ಒಯ್ಯುವ ವಿಮಾನ ಅವುಗಳ ದರಕ್ಕೆ ಸಾಟಿಯಾಗಲಿಲ್ಲ.

ಫ್ರೈಟರ್‌ಗಳ ಆಯುಷ್ಯ ಅಲ್ಲಿಗೇ ಮುಗಿಯಲಿಲ್ಲ. ನ್ಯೂಜಿಲೆಂಡಿನ ಕುಕ್ ಜಲಸಂಧಿಯ ಮೇಲೆ ಸೇಫ್ ಏರ್ ಕಂಪನಿ ಅವುಗಳಿಂದ ಬಹುಕಾಲ ಸರಕು ಸಾಗಿಸಿತು. ಬ್ರಿಸ್ಟಲ್‌ನ ವಿಮಾನ ಸಂಗ್ರಹಾಲಯಕ್ಕೆ ಒಂದು ಫ್ರೈಟರ್ ಬೇಕೆಂದಾಗ, ಅದನ್ನು ತರಿಸಿಕೊಂಡದ್ದೂ ನ್ಯೂಜಿಲೆಂಡಿನಿಂದಲೇ.