ಡೇಟಾ ಲೋಕಲೈಸೇಶನ್ ಅಂದ್ರೆ ಏನು?

ಮಳೆ ಸ್ವಲ್ಪ ಬಿಟ್ಟಿದ್ದಾಗ ಸೋಮವಾರಪೇಟೆ ಕಡೆ ನಮ್ಮ ಮಾವನ ಕಾಫಿ ತೋಟದ ಬೇಲಿ ಉದ್ದಕ್ಕೂ ಫೋನ್ ಹಿಡ್ಕೊಂಡು ನಡೆದ್ವಿ, ಪ್ರತಿ ಮೂಲೇಲೂ ನಿಂತು ಪಾಯಿಂಟ್ ಹಾಕ್ಬೇಕು, ಸಿಲ್ವರ್ ಓಕ್ ದಟ್ಟ ಇರೋ ಕಡೆ ಜಿಪಿಎಸ್ ಚುಕ್ಕಿ ಪಕ್ಕದವರ ತೋಟಕ್ಕೆ ಹಾರೋದು, ಅದು ವಾಪಸ್ ಬರೋ ತನಕ ಕಾಲಿನ ಜಿಗಣೆ ಕೀಳ್ತಾ ನಿಂತಿದ್ವಿ. ಯುರೋಪ್ ಒಕ್ಕೂಟದ 2023ರ ಕಾನೂನಿಗೋಸ್ಕರ ಇದೆಲ್ಲ: 2020 ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗಂಗಿಲ್ಲ, ಅದಕ್ಕೆ ತೋಟ ಎಲ್ಲಿದೆ ಅಂತ ತೋರಿಸ್ಬೇಕು, 4 ಹೆಕ್ಟೇರ್ ದಾಟಿದ್ರೆ ಒಂದು ಪಾಯಿಂಟ್ ಸಾಲಲ್ಲ, ಪೂರ್ತಿ ಗಡಿನೇ ಬೇಕು. ಮಾವ ಕೇಳಿದ್ದು ಒಂದೇ, "ನಮ್ಮ ಗಡಿ ಎಲ್ಲಿ ಹೋಗಿ ಕೂರುತ್ತೆ?"

ಒಂದು ದೇಶದ ಜನರ ಮಾಹಿತಿ ಆ ದೇಶದ ಒಳಗಿರೋ ಸರ್ವರಲ್ಲೇ, ಅಂದ್ರೆ ಮಾಹಿತಿ ಕೂಡಿಡೋ ಕಂಪ್ಯೂಟರಲ್ಲೇ, ಇರ್ಬೇಕು ಅನ್ನೋ ನಿಯಮಕ್ಕೆ ಡೇಟಾ ಲೋಕಲೈಸೇಶನ್ ಅಂತಾರೆ. ಒಂದು ಕಾಪಿ ಇಲ್ಲಿದ್ರೆ ಸಾಕು ಅನ್ನೋದು ಅದರ ಸಡಿಲ ರೂಪ, ಹೊರಗೆ ಕಳಿಸಲೇಬೇಡಿ ಅನ್ನೋದು ಬಿಗಿ ರೂಪ. ನಮ್ಮಲ್ಲಿ ಎರಡು ಥರ ಇದೆ. ಪೇಮೆಂಟ್ ಡೇಟಾ ಭಾರತದಲ್ಲೇ ಇಡ್ಬೇಕು ಅಂತ ಆರ್‌ಬಿಐ 2018ರ ಏಪ್ರಿಲ್‌ನಲ್ಲೇ ಹೇಳ್ತು. ಆದ್ರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾನೂನು ಉಲ್ಟಾ ದಾರಿ ಹಿಡೀತು, ಸರ್ಕಾರ ಬೇಡ ಅಂದ ದೇಶ ಬಿಟ್ಟು ಬೇರೆ ಕಡೆ ಕಳಿಸ್ಬಹುದು ಅಂತ.

ಇಂಡೋನೇಷ್ಯಾ 2012ರಲ್ಲಿ ಡೇಟಾ ಸೆಂಟರ್ (ಸರ್ವರ್‌ಗಳನ್ನ ಒಟ್ಟಿಗೆ ಇಡೋ ಕಟ್ಟಡ) ದೇಶದೊಳಗೇ ಇರ್ಬೇಕು ಅಂತ ಬಿಗಿ ಮಾಡಿ, 2019ರಲ್ಲಿ ಖಾಸಗಿಯವರಿಗೆ ಸಡಿಲ ಬಿಡ್ತು. ಕ್ಲೌಡ್, ಅಂದ್ರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗೋ ಸರ್ವರ್ ಜಾಗ, ಅಗ್ಗ ಆಗೋದೇ ಸಾವಿರಾರು ಜನ ಒಂದೇ ದೊಡ್ಡ ಸೆಂಟರ್ ಹಂಚ್ಕೊಳ್ಳೋದ್ರಿಂದ, ಸಣ್ಣ ದೇಶ ಎಲ್ಲಾನೂ ಒಳಗೇ ಇಡಿ ಅಂದ್ರೆ ಆ ಖರ್ಚು ಕೊನೆಗೆ ಸಣ್ಣ ವ್ಯಾಪಾರದವರ ತಲೆ ಮೇಲೇ ಬೀಳೋದು.

ಇನ್ನೊಂದು ವಿಷ್ಯ ತುಂಬ ಜನ ಗಮನಿಸಲ್ಲ. ಸರ್ವರ್ ಮುಂಬೈನಲ್ಲಿದ್ರೂ ಕಂಪನಿ ಅಮೆರಿಕದ್ದಾದ್ರೆ, ಅಲ್ಲಿನ 2018ರ ಕ್ಲೌಡ್ ಆಕ್ಟ್ ಪ್ರಕಾರ ಅಮೆರಿಕದ ತನಿಖಾಧಿಕಾರಿಗಳು ಕೋರ್ಟ್ ವಾರಂಟ್ ತಂದು ಆ ಡೇಟಾ ಕೇಳ್ಬಹುದು. ಹಾಗಾಗಿ ಡೇಟಾ ಎಲ್ಲಿದೆ ಅನ್ನೋದ್ರ ಜೊತೆಗೆ ಯಾರ ಕೈಲಿದೆ ಅಂತಾನೂ ಕೇಳ್ಬೇಕು. ದುಡ್ಡಿನ ಲೆಕ್ಕ ದೇಶದಲ್ಲೇ ಇರ್ಲಿ, ಅದು ನಂಗೂ ಸರಿ ಅನ್ಸುತ್ತೆ, ಆದ್ರೆ ಆ ಯುರೋಪ್ ಕಾನೂನಿನ ಪ್ರಕಾರ ತೋಟದ ಗಡಿ ಅಲ್ಲಿಗೆ ಹೋಗದೆ ಕಾಫಿ ಹೋಗಲ್ಲ, ಅಲ್ಲಿ ಬೀಗ ಹಾಕಿ ಕೂತ್ರೆ ನಷ್ಟ ಬೆಳೆಗಾರನಿಗೇ.

ಮಾವ ಗಡಿ ಫೈಲ್ ಕೊಡೋ ಮುಂಚೆ ಯಾರ್ಯಾರಿಗೆ ಕಳಿಸ್ತೀರ, ಎಷ್ಟು ವರ್ಷ ಇಟ್ಕೋತೀರ ಅಂತ ವ್ಯಾಪಾರಿ ಕೈಲಿ ಬರೆಸ್ಕೊಂಡ್ರು. ಅರ್ಧ ಪುಟ ಆಯ್ತು, ಪಟ್ಟೆ ಪುಸ್ತಕದ ಜೊತೆಗೇ ಇಟ್ಟಿದ್ದಾರೆ.