ಕಾರಿನ ಬೇಸ್: ವಾಟ್‌ಗಿಂತ ಲೀಟರ್ ಮುಖ್ಯ

ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಕೆಲವು ಕಾರುಗಳಿಂದ ಹಾಡು ಕೇಳಿಸುವುದೇ ಇಲ್ಲ, ಬರೀ ‘ಧುಂ’ ಕೇಳಿಸುತ್ತದೆ. ಬೇಸ್ ಗಿಟಾರ್ ಯಾವ ಸ್ವರ ನುಡಿಸಿದರೂ ಅದೇ ಧುಂ. ಡಿಕ್ಕಿ ನಡುಗುತ್ತದೆ, ನಂಬರ್ ಪ್ಲೇಟ್ ಗಡಗಡ ಅನ್ನುತ್ತದೆ. ಅವರೇನೂ ಕಡಿಮೆ ದುಡ್ಡು ಹಾಕಿರುವುದಿಲ್ಲ. ಹೆಚ್ಚಿನ ಸಲ ತಪ್ಪಿರುವುದು ಸಬ್‌ವೂಫರ್ ಎಂಬ ಬೇಸ್ ಸ್ಪೀಕರನ್ನು ಕೂರಿಸುವ ಬಾಕ್ಸ್‌ನ ಲೆಕ್ಕ.

ಸಬ್‌ವೂಫರ್‌ನಲ್ಲಿ ಹಿಂದೆ ಮುಂದೆ ಆಡಿ ಸದ್ದು ಮಾಡುವ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಗಾಳಿಯನ್ನು ಎಳೆಯುತ್ತದೆ. ಎರಡೂ ಬೆರೆತರೆ ಬೇಸ್ ಅಳಿಸಿಹೋಗುತ್ತದೆ. ಅದಕ್ಕೇ ಬಾಕ್ಸ್ ಬೇಕು. ಆದರೆ ಬಾಕ್ಸ್‌ನೊಳಗಿನ ಗಾಳಿ ಸುಮ್ನೆ ಕೂರುವುದಿಲ್ಲ, ಕೋನ್‌ಗೆ ಸ್ಪ್ರಿಂಗ್ ಆಗುತ್ತದೆ. ಈ ಸ್ಪ್ರಿಂಗ್ ಎಷ್ಟು ಬಿಗಿಯಾಗಿರಬೇಕು ಎಂದು ಲೆಕ್ಕ ಹಾಕುವ ದಾರಿ ತೋರಿಸಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಇನ್ನಷ್ಟು ಬೆಳೆಸಿದರು. ಒಳ್ಳೆಯ ಸಬ್‌ವೂಫರ್ ಜೊತೆ ಬರುವ ಹಾಳೆಯಲ್ಲಿ ಕಾಣುವ ಎಫ್‌ಎಸ್ (ಕೋನ್ ತಾನಾಗಿಯೇ ಕಂಪಿಸುವ ಹರ್ಟ್ಜ್), ಕ್ಯೂಟಿಎಸ್ (ಆ ಕಂಪನಕ್ಕೆ ಎಷ್ಟು ಕಡಿವಾಣವಿದೆ ಎಂಬುದು; ಅಂಕಿ ಕಡಿಮೆಯಾದಷ್ಟೂ ಹಿಡಿತ ಹೆಚ್ಚು), ವಿಎಎಸ್ (ಕೋನ್‌ನ ಹಿಡಿಕೆಯಷ್ಟೇ ಬಿಗಿಯಾದ ಸ್ಪ್ರಿಂಗ್ ಆಗುವ ಗಾಳಿಯ ಅಳತೆ, ಲೀಟರ್‌ನಲ್ಲಿ) ಎಂಬ ಅಂಕಿಗಳು ಇವರ ಕೊಡುಗೆ. ಖರೀದಿಗೆ ಹೋದಾಗ ಎಲ್ಲರೂ ವಾಟ್ ಕೇಳುತ್ತಾರೆ. ನೀವು ಈ ಹಾಳೆ ಕೇಳಿ.

ಒಂದು ಲೆಕ್ಕ ನೋಡೋಣ. ಕ್ಯೂಟಿಎಸ್ 0.45, ವಿಎಎಸ್ 40 ಲೀಟರ್ ಇರುವ ಸಬ್‌ವೂಫರನ್ನು 27 ಲೀಟರ್‌ನ ಮುಚ್ಚಿದ ಬಾಕ್ಸ್‌ಗೆ ಹಾಕಿದರೆ ಬಾಕ್ಸ್ ಮತ್ತು ಸಬ್‌ವೂಫರ್ ಸೇರಿದ ಒಟ್ಟು ಕ್ಯೂ ಸುಮಾರು 0.7 ಆಗುತ್ತದೆ. ಉಬ್ಬಿಲ್ಲದ, ಸಮತಟ್ಟಾದ ಬೇಸ್‌ಗೆ ಬೇಕಾದ ಅಂಕಿ ಇದೇ. ಜಾಗ ಉಳಿಸಲು ಅದನ್ನೇ 10 ಲೀಟರ್‌ಗೆ ತುರುಕಿದರೆ ಕ್ಯೂ 1ಕ್ಕೆ ಏರುತ್ತದೆ. ಆಗ ಒಂದು ಜಾಗದಲ್ಲಿ ಬೇಸ್ ಉಬ್ಬಿ, ಅದರ ಕೆಳಗೆ ಬೇಗ ಸೊರಗುತ್ತದೆ.

ಇನ್ನು ಕಾರಿನ ಪಾತ್ರ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. 60 ಹರ್ಟ್ಜ್ (ಸೆಕೆಂಡಿಗೆ 60 ಕಂಪನ) ಸದ್ದಿನ ಅಲೆಯ ಉದ್ದ ಸುಮಾರು 5.7 ಮೀಟರ್, ಅದರ ಅರ್ಧ ಸುಮಾರು 2.9 ಮೀಟರ್. ಸಣ್ಣ ಕಾರಿನ ಒಳಗಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಅದಕ್ಕಿಂತ ಕೆಳಗಿನ ಸದ್ದಿಗೆ ಅಲೆಯಾಗಿ ಓಡಾಡಲು ಜಾಗವೇ ಸಾಲದು. ಕೋನ್ ಹಿಂದೆ ಮುಂದೆ ಆಡಿದಂತೆ ಒಳಗಿನ ಗಾಳಿಯೆಲ್ಲ ಒಟ್ಟಿಗೇ ಒತ್ತಿ ಸಡಿಲವಾಗುತ್ತದೆ. ಹಾಗಾಗಿ ಹರ್ಟ್ಜ್ ಅರ್ಧಕ್ಕೆ ಇಳಿದಾಗಲೆಲ್ಲ ಸದ್ದು 12 ಡೆಸಿಬೆಲ್‌ವರೆಗೆ ಏರಬಹುದು. ಮುಚ್ಚಿದ ಬಾಕ್ಸ್‌ನ ಬೇಸ್ ಇಳಿಯುವುದೂ 12 ಡೆಸಿಬೆಲ್ ಲೆಕ್ಕದಲ್ಲೇ! ಬಾಕ್ಸ್ ಕಳೆದದ್ದನ್ನು ಕಾರು ತುಂಬಿಕೊಡುತ್ತದೆ. ಗಾಜು, ಛಾವಣಿಯ ತಗಡು ಅಲುಗುವುದರಿಂದ ನಿಜದಲ್ಲಿ ಲಾಭ ಸ್ವಲ್ಪ ಕಡಿಮೆ. ಆದರೂ ಮನೆಯ ಕೋಣೆಯಲ್ಲಿ ಸಿಗದ ವರ ಇದು.

ಪೋರ್ಟ್, ಅಂದರೆ ಗಾಳಿ ಹೋಗಿಬರುವ ಪೈಪು, ಇರುವ ಬಾಕ್ಸ್‌ನ ಕಥೆ ಬೇರೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುವ ಹಾಗೆ, ಈ ಬಾಕ್ಸ್‌ಗೂ ತನ್ನದೇ ಸ್ವರವಿದೆ. 40 ಲೀಟರ್ ಬಾಕ್ಸ್‌ಗೆ 10 ಸೆಂಟಿಮೀಟರ್ ಅಗಲದ ಪೈಪು 40 ಸೆಂಟಿಮೀಟರ್ ಉದ್ದವಿದ್ದರೆ ಟ್ಯೂನಿಂಗ್, ಅಂದರೆ ಆ ಸ್ವರ, ಸುಮಾರು 35 ಹರ್ಟ್ಜ್. ಪೈಪನ್ನು 22 ಸೆಂಟಿಮೀಟರ್‌ಗೆ ಕತ್ತರಿಸಿದರೆ 45 ಹರ್ಟ್ಜ್. ಬೇಸ್ ಗಿಟಾರ್‌ನ ಕೆಳಗಿನ ತಂತಿ 41 ಹರ್ಟ್ಜ್‌ನಲ್ಲಿ ಶುರುವಾಗುತ್ತದೆ. ಅಲ್ಲೇ ಪೋರ್ಟ್‌ನ ಸದ್ದು, ಅದರ ಮೇಲೆ ಕಾರಿನ ಏರಿಕೆ ಸೇರಿದರೆ ಆ ‘ಧುಂ’ ಹುಟ್ಟುತ್ತದೆ. ಪೋರ್ಟ್ ಬೇಕೇ ಬೇಕು ಎನ್ನುವವರು 30ರಿಂದ 35ರ ನಡುವೆ ಟ್ಯೂನ್ ಮಾಡಿಸಿ. ಟ್ಯೂನಿಂಗ್‌ಗಿಂತ ಕೆಳಗೆ ಕೋನ್‌ಗೆ ಗಾಳಿಯ ಹಿಡಿತ ತಪ್ಪುತ್ತದೆ. ಹಾಗಾಗಿ ತೀರಾ ಕೆಳಗಿನ ಸದ್ದನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇಲ್ಲದೆ ಓಡಿಸಬೇಡಿ. ಹಾಡಿನ ಎಲ್ಲ ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು ಎನ್ನುವವರಿಗೆ ನನ್ನ ಸಲಹೆ ಮುಚ್ಚಿದ ಬಾಕ್ಸೇ.

ಫಿಟ್ಟಿಂಗ್ ಮುಗಿದ ಮೇಲೆ ಸಬ್‌ಗೂ ಬಾಗಿಲ ಸ್ಪೀಕರ್‌ಗೂ ಸದ್ದು ಹಂಚುವ ಕ್ರಾಸ್‌ಓವರನ್ನು 80 ಹರ್ಟ್ಜ್‌ಗೆ ಇಟ್ಟು, ಡಗ್ಗಾ ಚೆನ್ನಾಗಿ ಕೇಳುವ ಒಂದು ತಬಲಾ ರೆಕಾರ್ಡಿಂಗ್ ಹಾಕಿ. ಡ್ರೈವರ್ ಸೀಟಿನಲ್ಲೇ ಕೂತು ಕೇಳಿ. ಆಮೇಲೆ ಸಬ್‌ನ ಎರಡು ವೈರ್ ಅದಲು ಬದಲು ಮಾಡಿ ಮತ್ತೆ ಕೇಳಿ. ಯಾವುದರಲ್ಲಿ ಡಗ್ಗಾ ಹೆಚ್ಚು ತುಂಬಿ ಬರುತ್ತದೋ ಅದನ್ನೇ ಉಳಿಸಿಕೊಳ್ಳಿ. ಇನ್ನೊಂದರಲ್ಲಿ ಸಬ್ ಮತ್ತು ಬಾಗಿಲ ಸ್ಪೀಕರ್ ಒಂದರ ಸದ್ದನ್ನು ಇನ್ನೊಂದು ಅಳಿಸುತ್ತಿರುತ್ತವೆ.